ಪ್ರೀತಿಗೆ ಕಚ್ಚುತ್ತೆ

ಲಿವರ್ ಬೇಯಿಸಿದ ನೀರು ಬೆಚ್ಚಗಿರಬೇಕು, ಸುಡಬಾರದು. ತಣ್ಣಗಾದರೆ ವಾಸನೆ ಏಳುವುದಿಲ್ಲ, ಸುಟ್ಟರೆ ನಾಯಿ ಎದ್ದುಬಿಡುತ್ತದೆ. ಅವಳು ಬಟ್ಟಲಲ್ಲಿ ಬೆರಳು ಅದ್ದಿ ನಾಯಿಯ ಹೊಟ್ಟೆಯ ಮೇಲೆ ನಿಧಾನವಾಗಿ ಸವರಿದಳು. ಅಭ್ಯಾಸವಾಗಿದ್ದ ನಾಯಿ ತಾನೇ ಹಿಂಗಾಲು ಎತ್ತಿಕೊಟ್ಟಿತು. ಅದಕ್ಕೆ ಯಾವತ್ತೂ ಮರಿಗಳಾಗಿರಲಿಲ್ಲ. ಆಗದ ಹಾಗೆ ಎಂದೋ ಆಪರೇಷನ್ ಮಾಡಿಸಿಯಾಗಿತ್ತು. ಕೊಳ್ಳಲು ಬಂದವರು ಅಷ್ಟೆಲ್ಲ ನೋಡುವುದಿಲ್ಲ. ಬುಟ್ಟಿಯಿಂದ ಬಿಟ್ಟ ಮರಿಗಳು ಓಡಿಬಂದು ಆ ಹೊಟ್ಟೆಗೆ ಮೂತಿಯಿಟ್ಟು ನೆಕ್ಕತೊಡಗಿದರೆ ಸಾಕು, ಅಮ್ಮನ ಹತ್ತಿರ ಹೇಗೆ ಓಡಿದವು ನೋಡು ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಆಮೇಲೆ ಚೌಕಾಸಿ ಇರುವುದಿಲ್ಲ.

ಅವಳ ತಮ್ಮ ಆ ನಾಯಿಗೆ ಬಾಡಿಗಮ್ಮ ಎಂದು ಹೆಸರಿಟ್ಟಿದ್ದ. ಬಾಡಿಗಮ್ಮನ ಹಾಗೆ ಮನೆಯೂ ಬಾಡಿಗೆಯದು, ಮನೆಯೊಳಗಿನ ಸಂಸಾರವೂ ಬಾಡಿಗೆಯದು. ಹಗ್ಗದ ಮೇಲೆ ಒಣಗುತ್ತಿದ್ದ ಗಂಡಸಿನ ಅಂಗಿಗಳನ್ನು ಯಾವ ಗಂಡಸೂ ತೊಟ್ಟಿರಲಿಲ್ಲ. ಅವನ್ನು ಒದ್ದೆ ಮಾಡಿ ಹರವುವುದಷ್ಟೇ ಕೆಲಸ. ಬಾಗಿಲ ಬಳಿ ಒರಗಿಸಿದ್ದ ಪುಟ್ಟ ಸೈಕಲ್ಲಿಗೆ ಮಗುವಿರಲಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನ ಗೆರೆಗಳಿದ್ದವು: ಒಂದು ಮಗುವಿನ ಎತ್ತರ, ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ. ಹೊಸ ಮನೆ ಹೊಕ್ಕಾಗಲೆಲ್ಲ ತಮ್ಮ ಮೊದಲು ಮಾಡುತ್ತಿದ್ದ ಕೆಲಸ ಅದೇ. ಒಂದು ಸಂಜೆಯಲ್ಲಿ ಮಗುವನ್ನು ಆರೇಳು ವರ್ಷ ಬೆಳೆಸಿಬಿಡುತ್ತಿದ್ದ. "ಈ ವರ್ಷ ಜಾಸ್ತಿ ಬೆಳೆದಿಲ್ಲ ಅಕ್ಕ, ಪಾಪ, ಜ್ವರ ಬಂದಿತ್ತು ಅಂದ್ಕೋ," ಎಂದು ಎರಡು ಗೆರೆಗಳನ್ನು ಹತ್ತಿರ ಹತ್ತಿರ ಎಳೆಯುತ್ತಿದ್ದ. ಅವಳು ನಗುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಅವಳನ್ನು ನಗಿಸಿದವನು ಅವನೊಬ್ಬನೇ.

ಮರಿಗಳು ನಿಜವಾಗಿ ಹುಟ್ಟುತ್ತಿದ್ದದ್ದು ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಅವಳು ಅಲ್ಲಿಗೆ ಹೋದದ್ದು ಒಂದೇ ಸಲ. ಒಂದರ ಮೇಲೊಂದು ಪೇರಿಸಿದ ಗೂಡುಗಳು, ಮೇಲಿನ ಗೂಡಿನ ಹೊಲಸು ಕೆಳಗಿನದಕ್ಕೆ ತೊಟ್ಟಿಕ್ಕುತ್ತಿತ್ತು. ಒಳಗಿದ್ದ ತಾಯಂದಿರು ಬೊಗಳುತ್ತಿರಲಿಲ್ಲ. ಬೊಗಳದೆ ಇದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ. ಶೆಡ್ಡಿನಲ್ಲಿ ಹುಟ್ಟಿದ ಮರಿಯನ್ನು ಯಾರೂ ಮುಟ್ಟುವುದಿಲ್ಲ, ಮನೆಯಲ್ಲಿ ಹುಟ್ಟಿದ ಮರಿಯನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ ಎಂದು ತಮ್ಮ ಹೇಳಿದ್ದ. ಮನೆ ಅಂದರೆ ಅವಳು. ಬಂದವರೊಡನೆ ಮಾತಾಡುವವಳು, ಮರಿಯನ್ನು ಬೀಳ್ಕೊಡುವಾಗ ಕಣ್ಣೊರೆಸಿಕೊಳ್ಳುವವಳು ಅವಳು. ತಮ್ಮ ಅಡುಗೆಮನೆಯಲ್ಲಿ ಕದ ಮುಂದೆ ಮಾಡಿ ಕೂತಿರುತ್ತಿದ್ದ. ಕೊಂಡವರಲ್ಲಿ ಒಬ್ಬರೂ ಅವನ ಮುಖ ಕಂಡಿರಲಿಲ್ಲ.

ಇಷ್ಟೆಲ್ಲದರಲ್ಲಿ ಅವಳು ಹೆದರುತ್ತಿದ್ದದ್ದು ಬಾಗಿಲ ಬೆಲ್ಲಿಗೆ. ಕೊಳ್ಳುವವರು ಬೀದಿ ತಿರುವಿನಿಂದ ಫೋನ್ ಮಾಡಿ ಬರುತ್ತಾರೆ. ಫೋನಿಲ್ಲದೆ ಬೆಲ್ ಬಾರಿಸಿದರೆ ಅದು ದೂರು. ಮರಿ ರಕ್ತ ಕಾರುತ್ತಿದೆ, ಮರಿಗೆ ಕಿವಿ ಕೇಳಿಸುವುದಿಲ್ಲ, ಮರಿ ಸತ್ತಿತು. ಆಗ ಇಬ್ಬರೂ ಇದ್ದಲ್ಲೇ ನಿಂತುಬಿಡಬೇಕು. ತಮ್ಮ ಫ್ಯಾನ್ ಆರಿಸುತ್ತಿದ್ದ. ಅವಳು ನೆಲಕ್ಕೆ ಕೂತು ಬಾಡಿಗಮ್ಮನ ಮೂತಿಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಬಾಗಿಲಾಚೆ ಯಾರೋ ಕಾಲು ಬದಲಿಸುವುದು, ಕೆಮ್ಮುವುದು, ಮತ್ತೆ ಬೆಲ್ ಒತ್ತುವುದು ಕೇಳಿಸುತ್ತಿತ್ತು. ನಾಯಿಯ ಬಿಸಿ ಉಸಿರು ಅವಳ ಅಂಗೈ ತೋಯಿಸುತ್ತಿತ್ತು. ಹೋದವರು ನಿಜಕ್ಕೂ ಹೋದರೇ ಎಂಬುದು ಖಾತ್ರಿಯಾಗುವವರೆಗೆ ಅವಳಿಗೆ ಎಂಜಲು ನುಂಗಲೂ ಭಯ. ರಾತ್ರಿ ಕನಸಲ್ಲೂ ಅದೇ ಬೆಲ್.

ಆ ಮನೆಯಲ್ಲಿ ಕೊನೆಯದಾಗಿ ಮಾರಿದ್ದು ಒಂದು ಬಿಳಿ ಮರಿಯನ್ನು. ಮುಂದಿನ ಹಲ್ಲು ಬಿದ್ದ ಒಬ್ಬ ಪುಟ್ಟ ಹುಡುಗಿ ಮತ್ತು ಅವಳ ಅಪ್ಪ ಬಂದಿದ್ದರು. ಅಪ್ಪ ಕೈಗೆಲ್ಲ ಬಣ್ಣ ಮೆತ್ತಿಕೊಂಡ ಪೇಂಟರ್. ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳನ್ನು ನೋಡಿ, ಬಣ್ಣ ಹೊಡೆಯುವಾಗ ಇಂಥ ಗೆರೆ ಸಿಕ್ಕಿದರೆ ತಾನು ಅದನ್ನು ಬಿಟ್ಟು ಸುತ್ತ ಹೊಡೆಯುತ್ತೇನೆ, ಅಳಿಸಲು ಮನಸ್ಸು ಬರುವುದಿಲ್ಲ ಎಂದು ಹೇಳಿದ. ಅವಳು ತಲೆಯಾಡಿಸಿದಳು. ಲಸಿಕೆಗಳೆಲ್ಲ ಆಗಿವೆಯಾ ಎಂದು ಕೇಳಿದ. ಎಲ್ಲ ಆಗಿದೆ, ಒಂದು ವರ್ಷ ನೀವು ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ ಎಂದಳು. ಬುಟ್ಟಿ ಬಿಟ್ಟಾಗ ಎರಡು ಮರಿಗಳು ಓಡಿಬಂದವು, ಒಂದು ಬಿಳಿ, ಒಂದು ಕಂದು. ಹುಡುಗಿ ಬಿಳಿಯದನ್ನು ಎತ್ತಿಕೊಂಡು ಅದಕ್ಕೆ ಬೆಣ್ಣೆ ಎಂದು ಅಲ್ಲೇ ಹೆಸರಿಟ್ಟಳು. ಅಷ್ಟರಲ್ಲಿ ಮರಿ ಅವಳ ಹೆಬ್ಬೆರಳನ್ನು ಕಚ್ಚಿ ಎಳೆಯಿತು. ಹುಡುಗಿಯ ತುಟಿ ನಡುಗಿತು. ಅಪ್ಪ ಹಿಂಜರಿದು ನೋಡಿದ. ಕೈಗೆ ಬಂದ ಗಿರಾಕಿ ಜಾರುವ ಗಳಿಗೆ ಅದು. ಅಡುಗೆಮನೆಯ ಕದದ ಸಂದಿಯಲ್ಲಿ ತಮ್ಮನ ನೆರಳು ಅಲುಗಿದ್ದು ಅವಳಿಗೆ ಕಂಡಿತು.

"ಹೆದರ್ಕೋಬೇಡ ಪುಟ್ಟಿ," ಎಂದಳು. "ಹಲ್ಲು ಬರ್ತಿದೆ ಅದಕ್ಕೆ. ಯಾರನ್ನ ಕಂಡ್ರೆ ಇಷ್ಟಾನೋ ಅವರನ್ನೇ ಕಚ್ಚೋದು. ಪ್ರೀತಿಗೆ ಕಚ್ಚುತ್ತೆ. ಎಷ್ಟು ಕಚ್ಚುತ್ತೋ ಅಷ್ಟು ಪ್ರೀತಿ ಅಂತ ತಿಳ್ಕೋ."

ಹುಡುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ತನಗೂ ಬರುತ್ತಿದೆ ಎಂದು ಬೆರಳಿಟ್ಟು ತೋರಿಸಿದಳು. ಅವರು ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು.

ಆ ಸಂಜೆ ತಮ್ಮ ಎಂದಿನ ಹಾಗೆ ಫೋನಿನಿಂದ ಸಿಮ್ ತೆಗೆದು, ಕತ್ತರಿಯಲ್ಲಿ ಎರಡು ತುಂಡು ಮಾಡಿ, ಕಕ್ಕಸಿನಲ್ಲಿ ಹಾಕಿ ನೀರು ಬಿಟ್ಟ. ಒಂದು ಸೂಲಿನ ಮರಿಗಳಿಗೆ ಒಂದು ಸಿಮ್. ಕೊಂಡವರ ಹೆಸರು, ವಿಳಾಸ ಯಾವುದನ್ನೂ ಕೇಳಬಾರದು, ಕೇಳದೆ ಹೇಳಿದರೂ ನೆನಪಿಟ್ಟುಕೊಳ್ಳಬಾರದು. "ನಾವು ಅವರಿಗೆ ಸಿಗಬಾರದು, ಅವರೂ ನಮಗೆ ಸಿಗಬಾರದು. ಆಗ ಇಬ್ಬರಿಗೂ ನೆಮ್ಮದಿ," ಎಂಬುದು ಅವನ ಮಾತು. ಮಾರನೆಯ ದಿನ ಊರಿನ ಇನ್ನೊಂದು ತುದಿಯ ಮನೆಗೆ ಸಾಮಾನು ಹೋಯಿತು. ಹಳೆಯ ಮನೆಯ ಬಾಡಿಗೆ ತಿಂಗಳ ಕೊನೆಯವರೆಗೂ ಕಟ್ಟಿತ್ತು. ಬೀಗದ ಕೈ ಅವಳ ಪರ್ಸಿನಲ್ಲೇ ಉಳಿಯಿತು.

ಹೊಸ ಮನೆಯಲ್ಲಿ ಪರದೆ ಹಾಕಿ, ಗೋಡೆಯ ಮೇಲೆ ಮಗುವನ್ನು ಬೆಳೆಸಿ ಮುಗಿಸುವಷ್ಟರಲ್ಲಿ ಒಂದು ವಾರ ಹತ್ತಿರ ಬಂತು. ಅವತ್ತು ಬೆಳಿಗ್ಗೆ ಶೆಡ್ಡು ನೋಡಿಕೊಳ್ಳುವವನು ಬುಟ್ಟಿ ತಂದ. ಯಾವಾಗಲೂ ಬುಟ್ಟಿಯನ್ನು ಎದೆಗವುಚಿ ತರುತ್ತಿದ್ದವನು ಈ ಸಲ ತೋಳು ನೀಡಿ ದೂರ ಹಿಡಿದುಕೊಂಡಿದ್ದ. ಹೊಸ್ತಿಲ ಹೊರಗೇ ಇಟ್ಟು ಹಿಂದೆ ಸರಿದ.

ಬುಟ್ಟಿಯಲ್ಲಿ ಮಾರಾಟವಾಗದೆ ಶೆಡ್ಡಿಗೆ ವಾಪಸಾಗಿದ್ದ ಆ ಕಂದು ಮರಿ ಇತ್ತು. ಅದು ಬೊಗಳುತ್ತಿತ್ತು, ಆದರೆ ದನಿ ಮರಿಯದಾಗಿರಲಿಲ್ಲ. ಗಂಟಲು ಹರಿದ ಮುದುಕನೊಬ್ಬ ಯಾರನ್ನೋ ಕರೆಯುತ್ತಿರುವ ಹಾಗಿತ್ತು. ಕೆಳದವಡೆ ಜೋತು ಬಿದ್ದಿತ್ತು, ಎದೆಯ ರೋಮವೆಲ್ಲ ಜೊಲ್ಲಿನಿಂದ ಒದ್ದೆ. ಅವಳು ಹಾಲಿನ ಬಟ್ಟಲು ಇಟ್ಟಳು. ಅದು ಮೂತಿ ಅದ್ದಿತು, ನುಂಗಲಾರದೆ ಹಿಂದೆ ಸರಿದು ಬಟ್ಟಲ ಅಂಚನ್ನೇ ಕಚ್ಚಿತು. ಕಚ್ಚಿದ್ದನ್ನು ಬಿಡಲಿಲ್ಲ.

ಗಂಟಲಲ್ಲಿ ಮೂಳೆ ಸಿಕ್ಕಿರಬೇಕು, ಮಧ್ಯಾಹ್ನ ಜನ ಬರುತ್ತಾರೆ, ಅಷ್ಟರಲ್ಲಿ ಒರೆಸಿ ಚೊಕ್ಕ ಮಾಡು ಎಂದ ತಮ್ಮ. ಅವಳು ಲಿವರಿನ ನೀರು ಬಿಸಿಗಿಟ್ಟಳು. ಬೇರೇನೂ ತೋಚದೆ ಹೋದಾಗ ಕೈ ತನ್ನ ಕೆಲಸ ಮಾಡುತ್ತದೆ. ಬಾಡಿಗಮ್ಮನ ಹೊಟ್ಟೆಗೆ ಸವರಿ, ಬುಟ್ಟಿಯನ್ನು ತಂದು ನೆಲಕ್ಕಿಟ್ಟಳು.

ಬಾಡಿಗಮ್ಮ ಎದ್ದು ನಿಂತಿತು. ಎಷ್ಟೋ ಸೂಲಿನ ಮರಿಗಳು ಅದರ ಹೊಟ್ಟೆಯ ಮೇಲೆ ಹತ್ತಿಳಿದಿದ್ದವು. ಅದು ಒಮ್ಮೆಯೂ ಎದ್ದಿರಲಿಲ್ಲ. ಈಗ ಕುತ್ತಿಗೆಯ ರೋಮ ನಿಮಿರಿ, ಹಲ್ಲು ಬಿಟ್ಟು, ಒಂದೊಂದೇ ಹೆಜ್ಜೆ ಹಿಂದಿಟ್ಟು ಸೋಫಾದ ಹಿಂದಿನ ಮೂಲೆಗೆ ಹೋಗಿ ಗೋಡೆಗೆ ಅಂಟಿಕೊಂಡಿತು. ಮರಿ ಬುಟ್ಟಿಯಿಂದ ಉರುಳಿ, ಸೊಟ್ಟ ಕಾಲುಗಳಲ್ಲಿ ಅತ್ತ ಹೋಗಲು ನೋಡಿತು. ನಡುವೆ ಸಿಕ್ಕ ಕುರ್ಚಿಯ ಕಾಲನ್ನು ಕಚ್ಚಿತು.

ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಬಾಗಿಲಲ್ಲಿ ಇನ್ನೂ ನಿಂತಿದ್ದ ಶೆಡ್ಡಿನವನ ಮುಖ ನೋಡಿದಳು. ಅವನು ಅಂಗಿಯ ತೋಳು ಮಡಚಿದ. ಮೇಲ್ತೋಳಿನಲ್ಲಿ ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ಅಂಟಿಸಿತ್ತು.

ಆಮೇಲೆ ಅವನು ಹೇಳಿದ್ದು ಇಷ್ಟು. ಕೆಲವು ವಾರಗಳ ಹಿಂದೆ ಬೀದಿನಾಯಿಯೊಂದು ತಗಡಿನ ಕೆಳಗೆ ನೆಲ ಕೆರೆದು ಒಳಗೆ ನುಗ್ಗಿತ್ತು. ಗೂಡಿನ ಸರಳುಗಳ ನಡುವೆ ಮೂತಿ ತೂರಿಸಿ ಈ ಮರಿಗಳ ತಾಯಿಯನ್ನೂ ಮರಿಗಳನ್ನೂ ಕಚ್ಚಿತ್ತು. ತಾಯಿ ಹೋದ ವಾರ ಸತ್ತಿತು, ಇದೇ ಥರ ದವಡೆ ಜೋಲುಬಿಟ್ಟು. ಅಣ್ಣನಿಗೆ ಅವತ್ತೇ ಹೇಳಿದೆ ಎಂದ. ಅಣ್ಣ ಎಂದರೆ ಅವಳ ತಮ್ಮ.

ಶೆಡ್ಡಿನವನು ಹೋದ ಮೇಲೆ ತಮ್ಮ ಬುಟ್ಟಿಯನ್ನು ಮರಿಯ ಮೇಲೆ ಬೋರಲು ಹಾಕಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ. ಬುಟ್ಟಿಯೊಳಗಿಂದ ಆ ದನಿ ಬರುತ್ತಲೇ ಇತ್ತು. ಅವಳು ತಮ್ಮನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ನಾಯಿಗಳು ಸಾಯ್ತಾ ಇರ್ತವೆ ಅಕ್ಕ. ಎಲ್ಲಾ ಹುಚ್ಚಿಂದಲೇ ಸಾಯುತ್ತಾ?"

"ಬಿಳಿ ಮರಿ ತಗೊಂಡು ಹೋದ್ಳಲ್ಲ, ಆ ಮಗು."

"ಯಾವ ಮಗು?" ಎಂದ ಅವನು. ತಮಾಷೆಗಲ್ಲ. ಅವನು ನಿಜವಾಗಿಯೂ ಅವಳನ್ನು ನೋಡಿರಲಿಲ್ಲ.

ಆ ಪೇಂಟರಿನ ನಂಬರು ಬೇಕು ಎಂದಳು. ನಂಬರು ಎಲ್ಲಿಂದ ತರಲಿ, ಚರಂಡಿಗಿಳಿದು ಹುಡುಕಲಾ ಎಂದ. ಊರಲ್ಲಿ ಪೇಂಟರುಗಳು ಎಷ್ಟು ಜನರಿದ್ದಾರೆ, ಗೋಡೆ ಇರುವಷ್ಟು ಜನ ಇದ್ದಾರೆ. ಅವಳು ಪೊಲೀಸರ ಹೆಸರೆತ್ತಿದಳು. ಅವನು ಹತ್ತಿರ ಬಂದು, ಸಣ್ಣವನಿದ್ದಾಗ ಗುಟ್ಟು ಹೇಳುತ್ತಿದ್ದ ಹಾಗೆ ಅವಳ ಭುಜದ ಮೇಲೆ ಕೈಯಿಟ್ಟ.

"ಇಂಜೆಕ್ಷನ್ ಆಗಿದೆ ಅಂದೋರು ಯಾರು ಅಕ್ಕ? ನಾನಾ? ನನ್ನ ಮುಖ ಯಾರೂ ನೋಡಿಲ್ಲ. ಇರೋದು ನಿನ್ನ ಮುಖ ಒಂದೇ."

ಕೈ ಬೆಚ್ಚಗಿತ್ತು, ಒದ್ದೆಯಾಗಿತ್ತು. ಅವನ ಮಣಿಕಟ್ಟಿನ ಮೇಲೆ ಉಗುರು ಗೀರಿದಂಥ ಎರಡು ಸಣ್ಣ ಗೆರೆಗಳಿದ್ದವು. ಅವಳು ನೋಡಿದ್ದನ್ನು ಕಂಡು ಅವನು ತೋಳು ಕೆಳಗೆಳೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯೊಳಗೆ ಸದ್ದು ನಿಂತಿತು.

ಅವಳ ಬೆರಳ ತುದಿಯಲ್ಲೂ ಒಂದು ಗಾಯವಿತ್ತು. ಬಿಳಿ ಮರಿಯನ್ನು ಬುಟ್ಟಿಗೆ ಹಾಕುವಾಗ ಹಲ್ಲು ತಾಗಿ ಆದದ್ದು, ಆಗಲೇ ಮಾಯ್ದು ಬಿಳಿಯ ಚುಕ್ಕಿಯಾಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೋರಿಸಿದಾಗ ನರ್ಸಮ್ಮ, ಮನೆಯ ನಾಯಿಯೋ ಬೀದಿಯದೋ ಎಂದು ಕೇಳಿದಳು. ಮನೆಯದು ಎಂದಳು. ಯಾರ ಮನೆಯದು ಎಂದಳು ನರ್ಸಮ್ಮ. ಅವಳು ಒಂದು ಸುಳ್ಳು ಹುಡುಕಿದಳು. ಯಾವಾಗಲೂ ಕೈಗೆ ಸಿಗುತ್ತಿದ್ದ ಸುಳ್ಳು ಅವತ್ತು ಸಿಗಲಿಲ್ಲ. ಬಾಗಿಲ ಬಳಿ ಸಾಲುಗಟ್ಟಿ ಕೂತವರೆಲ್ಲ ಕೇಳಿಸಿಕೊಳ್ಳುವ ಹಾಗೆ, ತಡವರಿಸುತ್ತ, ಎಲ್ಲ ಹೇಳಿಬಿಟ್ಟಳು. ಬಾಡಿಗಮ್ಮ, ಲಿವರಿನ ನೀರು, ಪೇಂಟರ್, ಹಲ್ಲು ಬಿದ್ದ ಹುಡುಗಿ. ನರ್ಸಮ್ಮನ ಕೈಯ ಪೆನ್ನು ನಿಂತಿತು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರು ದಣಿದ ಮನುಷ್ಯ. ಬೇರೆ ಆಸ್ಪತ್ರೆಗಳಿಗೆ, ಪಶುವೈದ್ಯರಿಗೆ, ಪೊಲೀಸರಿಗೆ ತಾನೇ ಫೋನ್ ಮಾಡುತ್ತೇನೆ, ಸತ್ತ ಮರಿಯನ್ನು ಮುಟ್ಟದೆ ಹಾಗೇ ಇರಿಸಿ, ಒಯ್ಯಲು ಜನ ಬರುತ್ತಾರೆ ಎಂದರು. ಬಾಡಿಗಮ್ಮನಿಗೆ ಲಸಿಕೆ ಆಗಿದೆಯಾ ಎಂದು ಕೇಳಿದರು. ಆಗಿತ್ತು. ಇಡೀ ವ್ಯಾಪಾರದಲ್ಲಿ ನಿಜವಾಗಿ ಲಸಿಕೆ ಹಾಕಿಸಿದ್ದು ಅದೊಂದಕ್ಕೇ, ಯಾಕೆಂದರೆ ಅದು ಮಾರುವ ನಾಯಿಯಲ್ಲ. ಅದಕ್ಕೂ ಇನ್ನೊಂದು ಹಾಕಿಸಿ, ಬೇರೆಯವರು ಮುಟ್ಟದ ಹಾಗೆ ಕಟ್ಟಿಹಾಕಿ ಎಂದರು. ಆ ಮಗುವಿಗೆ ಈಗಲೇ ಇಂಜೆಕ್ಷನ್ ಶುರುವಾದರೆ ಭಯವಿಲ್ಲ. ರೋಗ ತಲೆಗೇರಿದ ಮೇಲೆ ತಾವು ಮಾಡುವಂಥದ್ದು ಏನೂ ಇಲ್ಲ ಎಂದರು.

"ಆದ್ರೆ ಅವರಾಗಿ ಆಸ್ಪತ್ರೆಗೆ ಯಾಕೆ ಬರ್ತಾರಮ್ಮ? ಎಲ್ಲ ಆಗಿದೆ, ಕಚ್ಚಿದ್ರೆ ಹೆದರಬೇಡಿ ಅಂತ ನೀವೇ ಹೇಳಿ ಕಳಿಸಿದೀರಲ್ಲ."

ಸೂಜಿ ಚುಚ್ಚಿಸಿಕೊಂಡ ತೋಳು ನೋಯುತ್ತಿತ್ತು. ಬಸ್ಸಿನ ಕಿಟಕಿಯಾಚೆ ಯಾವ ಕಟ್ಟಡ ನೋಡಿದರೂ ಅವಳ ಕಣ್ಣು ಸಾರುವೆಗಳನ್ನು ಹುಡುಕಿತು, ಸಾರುವೆಯ ಮೇಲೆ ಬಣ್ಣದ ಡಬ್ಬಿ ಹಿಡಿದವನನ್ನು ಹುಡುಕಿತು. ಪೇಂಟರುಗಳಿದ್ದರು. ಅವನಿರಲಿಲ್ಲ. ಎರಡು ಕಡೆ ಬಸ್ಸಿಳಿದು ಕೇಳಿದಳು: ಹಲ್ಲು ಬಿದ್ದ ಮಗಳಿರುವ, ಗೋಡೆಯ ಮೇಲಿನ ಗೆರೆ ಅಳಿಸದ ಪೇಂಟರ್ ಯಾರಾದರೂ ಗೊತ್ತಾ ಎಂದು. ಜನ ಅವಳನ್ನು ಒಂಥರಾ ನೋಡಿದರು. ಕೊಂಡವರು ತನ್ನನ್ನು ಹುಡುಕದ ಹಾಗೆ ಇಷ್ಟು ವರ್ಷ ಮಾಡಿದ ಏರ್ಪಾಡೆಲ್ಲ ಚೂರೂ ಕೆಡದೆ ಕೆಲಸ ಮಾಡುತ್ತಿತ್ತು.

ಆಗ ಹೊಳೆಯಿತು. ಅವಳಿಗೆ ಅವರ ಮನೆ ಗೊತ್ತಿಲ್ಲ, ಆದರೆ ಅವರಿಗೆ ಅವಳ ಮನೆ ಗೊತ್ತು. ಮರಿ ಹುಷಾರು ತಪ್ಪಿದರೆ ಫೋನ್ ಮಾಡುತ್ತಾರೆ. ಫೋನ್ ಹೋಗುವುದಿಲ್ಲ. ಆಮೇಲೆ ಬಂದೇ ಬರುತ್ತಾರೆ, ಎಲ್ಲರೂ ಬರುತ್ತಾರೆ, ಬೆಲ್ ಒತ್ತುತ್ತಾರೆ. ಪರ್ಸಿಗೆ ಕೈ ಹಾಕಿ ನೋಡಿದಳು. ಬೀಗದ ಕೈ ಇತ್ತು.

ಹಳೆಯ ಮನೆ ಖಾಲಿಯಾಗಿ ದೊಡ್ಡದಾಗಿ ಕಾಣುತ್ತಿತ್ತು. ಗಾಡಿಯಲ್ಲಿ ಹಿಡಿಸಲಿಲ್ಲವೆಂದು ಬಿಟ್ಟುಹೋದ ಸೈಕಲ್ಲು, ಒಂದು ಪ್ಲಾಸ್ಟಿಕ್ ಸ್ಟೂಲು, ಗೋಡೆಯ ಮೇಲೆ ಆ ಹುಟ್ಟದ ಮಗು. ಅವಳು ಹೊಸ ಮನೆಯಿಂದ ಬಾಡಿಗಮ್ಮನನ್ನೂ ಅಂಗಿಗಳನ್ನೂ ಮಾತ್ರ ತಂದಿದ್ದಳು. ನಾಯಿಯನ್ನು ಒಳಕೋಣೆಯಲ್ಲಿ ಕಟ್ಟಿ, ಅಂಗಿಗಳನ್ನು ಒದ್ದೆ ಮಾಡಿ ಬೀದಿಗೆ ಕಾಣುವ ಹಾಗೆ ಹಗ್ಗದ ಮೇಲೆ ಹರವಿದಳು. ಈ ಮನೆಯಲ್ಲಿ ಜನರಿದ್ದಾರೆ ಎಂದು ಕಂಡರೆ ಸಾಕು. ಬಾಗಿಲಿಗೆ ಒಂದು ರಟ್ಟು ನೇತುಹಾಕಿದಳು: ಬಿಳಿ ಮರಿ ತೆಗೆದುಕೊಂಡವರು ದಯವಿಟ್ಟು ಬೆಲ್ ಮಾಡಿ, ಒಳಗೇ ಇದ್ದೇನೆ. ಬರೆದ ಮೇಲೆ ಅದನ್ನೇ ನೋಡುತ್ತ ನಿಂತಳು. ಒಳಗೇ ಇದ್ದೇನೆ ಎಂಬ ಅಕ್ಷರಗಳು ಸೊಟ್ಟಗಾಗಿದ್ದವು.

ಕಾಯುವುದು ಶುರುವಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಹಳೆಯ ಅಭ್ಯಾಸದಿಂದ ಉಸಿರು ನಿಲ್ಲುತ್ತಿತ್ತು. ಸದ್ದು ಮೇಲಿನ ಮಹಡಿಗೆ ದಾಟಿಹೋದರೆ ಬಾಗಿಲು ತೆರೆದು ಮೇಲೆ ನೋಡುತ್ತಿದ್ದಳು. ಬಂದಾರು ಎಂಬ ಭಯ ಹೋಗಿರಲಿಲ್ಲ. ಬಾರದೆ ಹೋದಾರು ಎಂಬುದು ಅದರ ಪಕ್ಕದಲ್ಲೇ ಬಂದು ಕೂತಿತ್ತು. ಕಣ್ಣು ಮುಚ್ಚಿದರೆ ಬುಟ್ಟಿಯೊಳಗಿನ ಆ ದನಿ. ಮರಿಯ ದನಿ ನಿಧಾನವಾಗಿ ಹುಡುಗಿಯ ದನಿಯಾಗುತ್ತಿತ್ತು. ಅವಳು ತಟ್ಟನೆ ಎದ್ದು ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳುತ್ತ ನಿಲ್ಲುತ್ತಿದ್ದಳು.

ಮೊದಲು ಬಂದವನು ಒಬ್ಬ ಟೇಲರು, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಬೆಲ್ ಆದಾಗ ಅವಳು ಇದ್ದಲ್ಲೇ ನಿಂತುಬಿಟ್ಟಳು. ಒಳಗೆ ಬಾಡಿಗಮ್ಮ ತಾನಾಗಿಯೇ ಸುಮ್ಮನಾಯಿತು. ಬೆಲ್ ಆದರೆ ಉಸಿರೆತ್ತಬಾರದು ಎಂದು ಅದಕ್ಕೂ ಗೊತ್ತಿತ್ತು. ಚಿಲಕ ತೆಗೆಯಲು ಎರಡೂ ಕೈ ಬೇಕಾದವು. ಟೇಲರು ಬಾಗಿಲು ತೆರೆಯುತ್ತದೆಂದು ನಿರೀಕ್ಷಿಸಿರಲಿಲ್ಲ. ಬೈಯಲು ಸಿದ್ಧಮಾಡಿಕೊಂಡದ್ದೆಲ್ಲ ಒಂದು ಗಳಿಗೆ ಮರೆತು ಅವಳನ್ನೇ ನೋಡಿದ.

"ಮಡಿಲಲ್ಲಿ ಕೂರೋ ಜಾತಿ ಅಂದ್ರಲ್ಲ ತಾಯಿ, ಇನ್ನೆರಡು ತಿಂಗಳು ಹೋದ್ರೆ ನಾನು ಅದರ ಮಡಿಲಲ್ಲಿ ಕೂರಬೇಕು. ಕರು ಥರ ಬೆಳೀತಿದೆ. ಹೊಲಿಯೋಕೆ ಇಟ್ಟಿದ್ದ ಒಂದು ಕೋಟು ತಿಂದಿದೆ, ಗುಂಡಿ ಸಮೇತ."

ಅವನು ಮುಂಚೆಯೂ ಬಂದಿದ್ದನಂತೆ. ಮೂರು ಸಲ. "ನೀವು ಒಳಗಿದ್ರಿ," ಎಂದ ದನಿ ತಗ್ಗಿಸಿ. "ಬಾಗಿಲಿಗೆ ಕಿವಿ ಇಟ್ಟಿದ್ದೆ. ಉಸಿರಾಡೋದು ಕೇಳಿಸ್ತಿತ್ತು. ಎಷ್ಟು ಹೆದರಿಕೆ ಆಯ್ತು ಅಂದ್ರೆ, ಬೈಯೋಕೆ ಬಂದೋನು ಸುಮ್ನೆ ಇಳಿದು ಹೋದೆ."

ಅವಳು ತಪ್ಪಾಯಿತು ಎಂದಳು. ನಿಮ್ಮ ನಾಯಿಗೆ ಯಾವ ಲಸಿಕೆಯೂ ಆಗಿಲ್ಲ, ಇವತ್ತೇ ಹಾಕಿಸಿ ಎಂದಳು. ಬಿಳಿ ಮರಿಯ ವಿಷಯ ಹೇಳಿ, ಪೇಂಟರುಗಳು ಯಾರಾದರೂ ಅಂಗಡಿಗೆ ಬಂದರೆ ಕೇಳಿ ಎಂದು ಕೈಮುಗಿದಳು. ಟೇಲರು ತಕ್ಷಣ ಹೋಗಲಿಲ್ಲ. ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತು, ಕೊನೆಗೆ ಕೇಳುತ್ತೇನೆ ಎಂದು ಮೆಲ್ಲಗೆ ಹೇಳಿ ಇಳಿದ.

ಮರುದಿನ ಬೀದಿಯಲ್ಲಿ ಗೊತ್ತಿದ್ದ ಹಾರ್ನ್ ಕೇಳಿಸಿತು. ತಮ್ಮ ಕಾರಿನಿಂದ ಇಳಿಯದೆ ಕಿಟಕಿ ಇಳಿಸಿ ಮೇಲೆ ನೋಡುತ್ತಿದ್ದ. ಅವಳು ಕೆಳಗೆ ಹೋದಳು. ಬೈಗುಳಕ್ಕೆ, ಹೊಡೆತಕ್ಕೂ ಸಿದ್ಧಳಾಗಿದ್ದಳು. ಪೊಲೀಸರು ಶೆಡ್ಡಿಗೆ ಬಂದಿದ್ದರು ಎಂದ. ಹೊಸ ಮನೆಗೆ ಬೀಗ ಹಾಕಿಕೊಂಡು ಬಂದಿದ್ದೇನೆ ಎಂದ. ಆದರೆ ಅವನ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಮುಖ ನೀರಿಳಿದು ಸಣ್ಣದಾಗಿತ್ತು.

"ಬೆಳಿಗ್ಗೆಯಿಂದ ನೀರು ಕುಡಿಯೋಕೆ ಭಯ ಆಗ್ತಿದೆ ಅಕ್ಕ," ಎಂದ. "ಕುಡೀತೀನಿ, ಇಳಿಯುತ್ತೆ. ಆದ್ರೂ ಲೋಟ ಎತ್ತೋಕೆ ಭಯ."

ಅದು ರೋಗವಲ್ಲ, ಬರೀ ಹೆದರಿಕೆ ಎಂದು ಅವಳಿಗೆ ಗೊತ್ತಾಯಿತು. ಇಂಜೆಕ್ಷನ್ ಹಾಕಿಸಿಕೊಂಡೆಯಾ ಎಂದಳು. ಇಲ್ಲ ಎಂದು ತಲೆಯಾಡಿಸಿದ. ಸೂಜಿ ಕಂಡರೆ ಅವನಿಗೆ ಸಣ್ಣಂದಿನಿಂದ ಆಗುವುದಿಲ್ಲ. ಆಗೆಲ್ಲ ಅವನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ಆಚೆ ನೋಡಬೇಡ, ನೋಡಬೇಡ ಎನ್ನುತ್ತ ಅವಳೇ ಹಿಡಿದುಕೊಳ್ಳುತ್ತಿದ್ದಳು.

"ನೀನು ಬಾ. ಒಂದು ಗಂಟೆ. ನೀನು ಹಿಡ್ಕೊಂಡ್ರೆ ಹಾಕಿಸ್ಕೋತೀನಿ."

ಅವಳು ಮೇಲೆ ನೋಡಿದಳು. ಅಂಗಿಗಳು ಗಾಳಿಗೆ ತೋಳಾಡಿಸುತ್ತಿದ್ದವು. ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅವರು ಬಂದರೆ? ಬೆಲ್ ಒತ್ತಿ, ಕಾದು, ಕೆಮ್ಮಿ, ಕಾಲು ಬದಲಿಸಿ ಹೋಗಿಬಿಟ್ಟರೆ?

ಆಸ್ಪತ್ರೆ ಎಲ್ಲಿದೆ, ಯಾವ ಕಿಟಕಿಯಲ್ಲಿ ಕೇಳಬೇಕು, ನರ್ಸಮ್ಮ ಎಂಥವಳು ಎಂದೆಲ್ಲ ಹೇಳಿದಳು. ನನ್ನ ಹೆಸರು ಹೇಳು, ಅವಳು ಹಿಡಿದುಕೊಳ್ಳುತ್ತಾಳೆ ಎಂದಳು. ಅವನು ಸ್ಟಿಯರಿಂಗ್ ಹಿಡಿದ ತನ್ನ ಕೈಗಳನ್ನೇ ನೋಡುತ್ತಿದ್ದ. ಆಮೇಲೆ ಕಿಟಕಿ ಏರಿಸಿದ. ಕಾರು ತಿರುವಿನಲ್ಲಿ ಆಸ್ಪತ್ರೆಯ ಕಡೆ ಹೊರಳಿತೋ ಊರಾಚೆಯ ರಸ್ತೆಯ ಕಡೆಯೋ, ಎದುರು ಬಂದ ಲಾರಿ ಅಡ್ಡವಾಗಿ ಅವಳಿಗೆ ಕಾಣಲಿಲ್ಲ.

ಮೆಟ್ಟಿಲು ಹತ್ತುವಾಗ ಒಮ್ಮೆ ಕೂತಳು. ತಮ್ಮ ಎಂದರೆ ತಾನೇ ಸಾಕಿದ ಮಗು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬೆಳೆಸಿದ್ದಲ್ಲ. ಎದ್ದು ಮೇಲೆ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮತ್ತೆ ಕೂತಳು.

ಬೆಲ್ ಆದದ್ದು ಬಿಸಿಲು ಇಳಿಯುವ ಹೊತ್ತಿಗೆ. ಒತ್ತಿದ ಬೆರಳು ಎತ್ತದೆ ಹಾಗೇ ಹಿಡಿದ ಬೆಲ್. ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು.

ಪೇಂಟರ್ ನಿಂತಿದ್ದ. ರೆಪ್ಪೆಯ ಮೇಲೆಲ್ಲ ಸುಣ್ಣದ ಹುಡಿ. ಬಾಗಿಲು ತೆರೆದದ್ದೇ ಶುರು ಮಾಡಿದ: ನಿಮ್ಮ ಫೋನು ಸತ್ತುಹೋಗಿದೆಯಾ, ಎಷ್ಟು ಸಲ ಮಾಡಬೇಕು, ಇದೇನು ಮರಿ ಕೊಟ್ಟಿದ್ದೀರಿ, ನಿನ್ನೆಯಿಂದ ಅನ್ನ ನೀರು ಮುಟ್ಟಿಲ್ಲ, ಗಂಟಲು ಕಟ್ಟಿದೆ, ಬಚ್ಚಲಲ್ಲಿ ಕೂಡಿಹಾಕಿದರೆ ಬಾಗಿಲು ಕಡಿಯುತ್ತಿದೆ, ಕೆಲಸ ಬಿಟ್ಟು ಬಂದಿದ್ದೇನೆ, ಒಬ್ಬ ಟೇಲರು ನೋಡಿದರೆ ಅಂಗಡಿಗೆ ಹೋದವರನ್ನೆಲ್ಲ ನಿಲ್ಲಿಸಿ ಏನೇನೋ ಕೇಳುತ್ತಿದ್ದಾನಂತೆ. ಅವನ ದನಿ ಮೆಟ್ಟಿಲ ಗೋಡೆಗಳಿಗೆ ಬಡಿದು ಎರಡೆರಡಾಗಿ ಕೇಳಿಸುತ್ತಿತ್ತು. ಇಷ್ಟು ವರ್ಷ ಬಾಗಿಲ ಒಳಗೆ ನಿಂತು ಹೆದರಿದ್ದು ಈ ದನಿಗೇ. ಅವಳು ಅವನ ಪಕ್ಕದಿಂದ ಬಗ್ಗಿ ಹಿಂದೆ ನೋಡಿದಳು.

ಹುಡುಗಿ ಅಪ್ಪನ ಅಂಗಿ ಹಿಡಿದು ಒಂದು ಮೆಟ್ಟಿಲು ಕೆಳಗೆ ನಿಂತಿದ್ದಳು. ಅವಳನ್ನು ಕಂಡು ಮುಖ ಅರಳಿತು. ಹೊಸ ಹಲ್ಲಿನ ಬಿಳಿ ಅಂಚು ಒಸಡಿನಿಂದ ಇಣುಕಿತ್ತು. ಗುಟ್ಟು ತೋರಿಸುವವಳ ಹಾಗೆ ತೋಳು ಮೇಲಕ್ಕೆ ಸರಿಸಿ ಎರಡೂ ಕೈ ಚಾಚಿದಳು. ಹೆಬ್ಬೆರಳಿನ ಬುಡ, ಮಣಿಕಟ್ಟು, ಮೊಣಕೈವರೆಗೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು, ಎರಡೆರಡು ಜೋಡಿ.

"ಆಂಟಿ, ನೋಡಿ. ಬೆಣ್ಣೆಗೆ ನಾನಂದ್ರೆ ಎಷ್ಟೊಂದು ಪ್ರೀತಿ. ಅಪ್ಪನಿಗೆ ಒಂದೂ ಇಲ್ಲ."

ಅವಳು ಹುಡುಗಿಯ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಪ್ಪ ಏನು ಮಾಡುತ್ತಿದ್ದೀರಿ ಎಂದು ಕೂಗುತ್ತ ಹಿಂದೆಯೇ ಬಂದ. ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಟ್ಟೆ ಸೋಪಿನ ತುಂಡು ತೆಗೆದುಕೊಂಡು ಆ ಪುಟ್ಟ ಕೈಗಳನ್ನು ತೊಳೆಯತೊಡಗಿದಳು. ನೊರೆ ಬಂದು ಹೋಯಿತು. ಮತ್ತೆ ಹಚ್ಚಿದಳು. ಆಸ್ಪತ್ರೆಯಲ್ಲಿ ಹೇಳಿದ್ದರು, ಮೊದಲು ಸೋಪು, ಧಾರಾಳ ನೀರು, ಆಮೇಲೆ ಸೂಜಿ, ತಡ ಮಾಡಬೇಡಿ ಎಂದು.

"ಉರಿಯುತ್ತೆ ಆಂಟಿ."

"ಉರೀಲಿ ಪುಟ್ಟಿ. ಸ್ವಲ್ಪ ಹೊತ್ತು."

ಅವಳು ತೊಳೆಯುವುದನ್ನು ಬಿಡಲಿಲ್ಲ. ಹಿಂದೆ ಕೂಗಾಟ ನಿಂತದ್ದು ಅವಳಿಗೆ ತಡವಾಗಿ ಅರಿವಿಗೆ ಬಂತು. ಪೇಂಟರ್ ಖಾಲಿ ಕೋಣೆಯ ನಡುವೆ ನಿಂತಿದ್ದ. ಸಾಮಾನಿಲ್ಲದ ಮನೆ ನೋಡಿದ, ಗೋಡೆಯ ಮೇಲಿನ ಗೆರೆಗಳನ್ನು ನೋಡಿದ, ನೊರೆಯಲ್ಲಿ ಮುಳುಗಿದ ಮಗಳ ಕೈಗಳನ್ನು ನೋಡಿದ. ಅವನು ಮತ್ತೆ ಮಾತಾಡಿದಾಗ ದನಿ ಎಷ್ಟು ಸಣ್ಣದಾಗಿತ್ತೆಂದರೆ, ನೀರಿನ ಸದ್ದಿನಲ್ಲಿ ಅರ್ಧ ಮಾತ್ರ ಕೇಳಿಸಿತು.

"ಎಲ್ಲ ಇಂಜೆಕ್ಷನ್ನೂ ಆಗಿದೆ ಅಂದಿದ್ರಿ."

"ಸುಳ್ಳು ಹೇಳಿದೆ," ಎಂದಳು ಅವಳು, ತಿರುಗದೆ. "ಕೆಳಗೆ ಹೋಗಿ ಒಂದು ಆಟೋ ನಿಲ್ಲಿಸಿ. ನಾನು ಇವಳನ್ನ ಎತ್ಕೊಂಡು ಬರ್ತೀನಿ."

ಅವನು ಕದಲಲಿಲ್ಲ. ಒಂದು ಗಳಿಗೆ ಅವಳು ಹೊಡೆತಕ್ಕಾಗಿ ಕಾದಳು, ಕುತ್ತಿಗೆ ತಾನಾಗಿ ಭುಜಗಳ ನಡುವೆ ಹುದುಗಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು, ಎರಡೆರಡು ಮೆಟ್ಟಿಲು ಹಾರಿ ಇಳಿಯುವ ಹೆಜ್ಜೆಗಳು.